ಬಿಸಿನೀರಿಗೆ ಬಿದ್ದ ಕೋಟು

ಬುಧವಾರ, ಮಧ್ಯಾಹ್ನ
ಲಾಂಡ್ರಿ ಅಂಗಡಿಯ ಒಳಕೋಣೆ

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಅಡುಗೆಮನೆಯಲ್ಲಿ ನಿಂತು ಓದಬೇಡ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಓದು. ನಿಮ್ಮ ಮನೆಯ ಬಟ್ಟೆಗಂಟಿನಲ್ಲಿರುವ ಹೂವಿನ ದಿಂಬಿನ ಕವರಿನ ಅಂಚು ಬಿಚ್ಚಿ, ಪತ್ರ ಇಟ್ಟು, ಬೇರೆ ಬಣ್ಣದ ದಾರದಲ್ಲಿ ಹೊಲಿಯುತ್ತೇನೆ. ನಿನ್ನ ಕಣ್ಣಿಗೆ ಅದು ತಟ್ಟನೆ ಬೀಳುತ್ತದೆ. ಭಾವನವರ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ತೊಡುವುದು ಬಿಟ್ಟರೆ ಬಟ್ಟೆಯ ಸಂಗತಿ ಅವರಿಗೆ ಏನೂ ಗೊತ್ತಿಲ್ಲ. ಫೋನ್ ಮಾಡೋಣವೆಂದರೆ ನಿನ್ನ ಫೋನ್ ಯಾವಾಗಲೂ ಅವರ ಜೇಬಿನಲ್ಲೇ ಇರುತ್ತದೆ, ನೀನು ‘ಚೆನ್ನಾಗಿದೀನಿ ಕಣೇ’ ಎಂದು ಹೇಳುವಾಗ ಹಿಂದೆ ಅವರ ಕೆಮ್ಮು ಕೇಳುತ್ತದೆ.

ಅಕ್ಕಾ, ನನಗೆ ಭಯವಾಗಿದೆ. ನಿನ್ನೆ ನಿಮ್ಮ ಗಂಟು ಬಿಚ್ಚಿದಾಗಿನಿಂದ ಬಾಗಿಲಿಗೆ ಯಾರು ಬಂದರೂ ಬೆಚ್ಚುತ್ತಿದ್ದೇನೆ.

ನಿನ್ನ ತುಂಬುತೋಳಿನ ಹಳದಿ ಅಂಗಿ ಇತ್ತಲ್ಲ, ಅದರ ಕೊರಳಪಟ್ಟಿಯಿಂದ ಭುಜದವರೆಗೆ ಕಲೆ. ಕಂದು ಬಣ್ಣಕ್ಕೆ ತಿರುಗಿ ನೂಲಿಗೇ ಕಚ್ಚಿಕೊಂಡ ಕಲೆ. ಮೂಸಿ ನೋಡಿದೆ, ಬಟ್ಟೆ ಕುದಿಸುವ ಸೋಡಾದ ವಾಸನೆ. ಎರಡು ತೋಳನ್ನೂ ಬೆನ್ನ ಹಿಂದೆ ತಂದು ಗಂಟು ಹಾಕಿ ಕುದಿಸಿದ ಸುಕ್ಕು ಹಾಗೇ ಇತ್ತು. ನಮ್ಮ ಅಂಗಡಿಯಲ್ಲಿ ಹಾಗೆ ತೋಳು ಕಟ್ಟಿ ಹಂಡೆಗೆ ಹಾಕುತ್ತಿದ್ದವಳು ನೀನೊಬ್ಬಳೇ. ‘ಕೈದಿ ಥರ ಕಟ್ಟಿಹಾಕ್ತಾಳೆ ನೋಡು’ ಎಂದು ಅಪ್ಪ ನಗುತ್ತಿದ್ದರು. ಲಾಂಡ್ರಿಗೆ ಜನ ಕೊಳೆ ಬಟ್ಟೆ ಕಳಿಸುತ್ತಾರೆ. ಕುದಿಸಿ, ಒಣಗಿಸಿ, ಮಡಿಚಿದ ಬಟ್ಟೆಯನ್ನು ಯಾರು ಕಳಿಸುತ್ತಾರೆ? ಅದೂ ಲಾಂಡ್ರಿಯಲ್ಲೇ ಹುಟ್ಟಿ ಬೆಳೆದವಳು?

ರಕ್ತಕ್ಕೆ ಬಿಸಿನೀರು ತಾಗಿಸಬಾರದು ಎಂದು ನನಗೆ ಕಲಿಸಿದವಳೇ ನೀನು. ನಾನು ಮಂಡಿ ತರಚಿಕೊಂಡು ಬಂದಿದ್ದಾಗ ಕಿವಿ ಹಿಂಡಿ ಹೇಳಿದ್ದೆ: ‘ತಣ್ಣೀರು ಕಣೇ, ಬರೀ ತಣ್ಣೀರು. ಬಿಸಿನೀರು ಹಾಕಿದ್ಯೋ, ಬಟ್ಟೆ ಹರಿದು ಚಿಂದಿಯಾದ್ರೂ ಕಲೆ ಹೋಗಲ್ಲ.’ ಅಂಥ ನೀನು ಒಂದು ಸಲ ಅಲ್ಲ, ಎರಡು ಸಲ ರಕ್ತದ ಬಟ್ಟೆಯನ್ನು ಕುದಿಸಿದ್ದೀಯ. ನಿನ್ನೆಯದು ಎರಡನೆಯದು. ಮೊದಲನೆಯದು ಅಣ್ಣ ಅಂಗಡಿಯಲ್ಲಿ ತೊಡುತ್ತಿದ್ದ ನೀಲಿ ಕೋಟು.

ಆ ಕೋಟನ್ನು ನಾನು ನೋಡಿದ್ದೇ ಹೋದ ತಿಂಗಳು. ಅಪ್ಪನ ಕೊಲೆಯ ಕೇಸು ನಡೆಯುವಾಗ ನನಗೆ ಪರೀಕ್ಷೆ ಎಂದು ನೀವು ಯಾರೂ ನನ್ನನ್ನು ಕೋರ್ಟಿನ ಹತ್ತಿರ ಸುಳಿಯಲು ಬಿಡಲಿಲ್ಲ. ಈಗ ಅಣ್ಣನ ಮೇಲ್ಮನವಿ ಹಿಡಿದಿರುವ ವಕೀಲೆ ಇದ್ದಾರಲ್ಲ, ಅವರು ಕೋಟಿನ ದೊಡ್ಡ ದೊಡ್ಡ ಫೋಟೊಗಳನ್ನು ಮೇಜಿನ ಮೇಲೆ ಹರಡಿ, ಇದು ನಿಮ್ಮ ಅಣ್ಣನದೇ ತಾನೇ ಎಂದು ಕೇಳಿದರು. ನಾನು ನೋಡಿದ್ದು ಕೋಟಿನ ತೋಳನ್ನು. ಎರಡೂ ತೋಳಿನಲ್ಲಿ ಅದೇ ಗಂಟಿನ ಸುಕ್ಕು. ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ನೋಡಿದೆ, ಅವಳು ಗೋಡೆ ನೋಡುತ್ತಿದ್ದಳು. ಅವಳಿಗೆ ಅದು ಹೊಸದಾಗಿರಲಿಲ್ಲ ಅಕ್ಕಾ. ವಕೀಲೆಗೆ ನಾನು ಒಂದು ಮಾತೂ ಹೇಳದೆ ಎದ್ದು ಬಂದೆ.

ಮನೆಗೆ ಬಂದು ಜಗಳವಾಡಿದೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಲ್ಲ, ಹೆತ್ತ ಮಗ ಜೈಲಿಗೆ ಹೋಗುವುದನ್ನು ನೋಡಿಕೊಂಡು ಹೇಗಿದ್ದೆ ಎಂದು ಕೂಗಾಡಿದೆ. ಅಮ್ಮ ಒಂದೇ ಮಾತು ಹೇಳಿದಳು: ‘ಒಂದು ಕಣ್ಣು ಹೋಗಿತ್ತು. ಇನ್ನೊಂದನ್ನೂ ನಾನೇ ಚುಚ್ಕೊಳ್ಳೋದಾ?’

ಅರ್ಥವಾಯಿತಾ? ಅಮ್ಮ ನೀನೇ ಮಾಡಿದ್ದು ಅಂದುಕೊಂಡಿದ್ದಾಳೆ.

ಮರುವಾರ ಅಣ್ಣನನ್ನು ನೋಡಲು ಹೋದೆ. ಅವನೂ ಹಾಗೇ ಅಂದುಕೊಂಡಿದ್ದಾನೆ. ಜೈಲಿನಲ್ಲಿ ಅವನಿಗೆ ಬಟ್ಟೆ ಒಗೆಯುವ ಕೆಲಸವನ್ನೇ ಕೊಟ್ಟಿದ್ದಾರಂತೆ. ‘ಅದೇ ಹಂಡೆ, ಅದೇ ಸೋಡಾ. ಒಂದೇ ಅನುಕೂಲ, ಗಿರಾಕಿಗಳು ಬೇರೆ ಅಂಗಡಿಗೆ ಓಡಿ ಹೋಗಲ್ಲ’ ಎಂದು ನಗಿಸಲು ನೋಡಿದ. ನಾನು ನಗಲಿಲ್ಲ. ಕೋಟಿನ ಸುದ್ದಿ ಎತ್ತಿದ ಕೂಡಲೆ ಅವನು ನಗುವುದನ್ನು ನಿಲ್ಲಿಸಿದ. ಆಮೇಲೆ ನಿಧಾನಕ್ಕೆ ಹೇಳಿದ. ಅಂಗಡಿಯಲ್ಲಿ ಅಪ್ಪನ ದೇಹ ಸಿಕ್ಕ ಬೆಳಿಗ್ಗೆ ನೀನು ನಿಮ್ಮ ಮನೆಯ ಗಂಟು ಹೊತ್ತುಕೊಂಡು ಅಂಗಡಿಗೆ ಬಂದಿದ್ದೆಯಂತೆ. ಪೊಲೀಸರು ಎಲ್ಲ ಗಂಟುಗಳನ್ನೂ ಬಿಚ್ಚಿ ಒಂದೇ ರಾಶಿಗೆ ಸುರಿದರಂತೆ. ಕೆಂಪು ದಾರದ ಗುರುತಿನ ನಿಮ್ಮ ಚಾದರದೊಳಗಿಂದ ತನ್ನ ಕೋಟು ಉರುಳಿ ಬಿದ್ದದ್ದನ್ನು ಅವನು ಕಣ್ಣಾರೆ ಕಂಡನಂತೆ. ಪೊಲೀಸರಿಗೆ ಕಂಡದ್ದು ರಕ್ತದ ಕಲೆ ಮತ್ತು ಕೋಟಿನ ಮೇಲೆ ಅವನ ಹೆಸರು. ಅವನಿಗೆ ಕಂಡದ್ದು ನಿನ್ನ ಕೈ. ಅಷ್ಟೇ, ‘ನಾನೇ ಮಾಡಿದ್ದು’ ಎಂದುಬಿಟ್ಟ.

ಬೀದಿಯವರಿಗೂ ಅಷ್ಟೇ ಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಹೊಸ ಮೆಷೀನಿನ ವಿಷಯಕ್ಕೆ ಅಪ್ಪನೂ ಅಣ್ಣನೂ ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದರು. ‘ನೀನಿರೋವರೆಗೂ ಈ ಅಂಗಡಿ ಉದ್ಧಾರ ಆಗಲ್ಲ’ ಎಂದು ಅಣ್ಣ ಕಿರುಚಿ ಎದ್ದು ಹೋಗಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ತಾನೇ ಒಪ್ಪಿಕೊಂಡವನನ್ನು ಯಾರು ಯಾಕೆ ಮತ್ತೆ ಕೇಳುತ್ತಾರೆ?

ಅಣ್ಣನ ಲೆಕ್ಕಾಚಾರ ಇಷ್ಟು. ಆ ದಿನ ಭಾವ ಇಡೀ ದಿನ ಮನೆಯಲ್ಲೇ ಇದ್ದರು ಎಂದು ಪೊಲೀಸರಿಗೆ ಹೇಳಿದವಳು ನೀನೇ. ಅವರು ಮನೆಯಲ್ಲೇ ಇದ್ದರೆ ಕೋಟು ನಿಮ್ಮ ಮನೆಗೆ ಹೇಗೆ ಬಂತು? ನೀನೇ ತಂದಿರಬೇಕು. ಅದೇ ವಾರ ನೀನು ಅಪ್ಪನ ಹತ್ತಿರ ‘ನನ್ ಮನೆ ವಿಷಯಕ್ಕೆ ಬರಬೇಡಿ’ ಎಂದು ರೇಗಿದ್ದೂ ಅವನಿಗೆ ಗೊತ್ತು. ‘ನಂಗಾಗ್ಲೇ ಅರ್ಧ ಶಿಕ್ಷೆ ಕಳೀತು ಕಣೇ ಗುಂಡಿ, ಇನ್ನರ್ಧನೂ ಕಳ್ಯುತ್ತೆ. ಸುಮ್ನೆ ಕೆದಕಿ ಅಕ್ಕನ್ನ ಇಲ್ಲಿಗೆ ತಂದು ಹಾಕ್ತೀಯಾ?’ ಎಂದ. ಎದ್ದು ಹೋಗುವಾಗ, ಅಕ್ಕ ಚೆನ್ನಾಗಿದಾಳಾ ಎಂದು ಕೇಳಿದ. ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಇಬ್ಬರಿಗೂ ನಾನು ಒಂದೇ ಮಾತು ಹೇಳುತ್ತಿದ್ದೇನೆ. ಅಕ್ಕ ಮುಚ್ಚಿಡಬೇಕು ಅಂದುಕೊಂಡಿದ್ದರೆ ಆ ಕೋಟಿನ ಮೇಲೆ ನಮ್ಮ ಕಣ್ಣಿಗೂ ಏನೂ ಸಿಗುತ್ತಿರಲಿಲ್ಲ. ಮಸಿ, ಎಣ್ಣೆ, ತುಕ್ಕು, ಎಂಥ ಕಲೆಯನ್ನೂ ತೆಗೆಯುವ ಕೈ ಅದು. ಒಂದು ಬಕೆಟ್ ತಣ್ಣೀರಿನ ಕೆಲಸ. ಅದನ್ನು ಬಿಟ್ಟು ಹಂಡೆ ಹತ್ತಿಸಿ ಕುದಿಸಿದ್ದಾಳೆ ಎಂದರೆ ಆ ಕಲೆ ಹೋಗಬಾರದು ಅಂತಲೇ ಕುದಿಸಿದ್ದು.

ಅಮ್ಮ ಒಪ್ಪುವುದಿಲ್ಲ. ‘ಹೆದರಿದ ಕೈಗೆ ಬಿಸಿನೀರು ಯಾವುದು ತಣ್ಣೀರು ಯಾವುದು ಅಂತ ಗೊತ್ತಾಗುತ್ತೇನೇ?’ ಎನ್ನುತ್ತಾಳೆ. ಹೆದರಿದ ಕೈ ಅಷ್ಟು ಚೊಕ್ಕವಾಗಿ ತೋಳು ಕಟ್ಟುತ್ತಾ ಎಂದು ನಾನು ಕೇಳಿದೆ. ‘ಅದು ಕೈಯ ರೂಢಿ ಕಣೇ. ನಿಮ್ಮಪ್ಪ ಹೋದ ಮಾರನೇ ದಿನ ನಾನೂ ಎದ್ದು ಹಂಡೆಗೆ ನೀರು ತುಂಬಿದೆ. ತಲೆ ಇರಲಿಲ್ಲ, ಕೈ ಇತ್ತು’ ಎಂದಳು. ನಿಜ ಹೇಳಲಾ? ಆವತ್ತು ನನಗೂ ನಿನ್ನ ಮೇಲೆ ಅನುಮಾನ ಬಂತು. ನಿನ್ನನ್ನೇ, ನನ್ನ ತಲೆ ಬಾಚಿ ಬೆಳೆಸಿದವಳನ್ನೇ ನೆನೆಸಿಕೊಂಡು ಹೆದರಿದೆ.

ಆದರೆ ನಿನ್ನೆ ಹಳದಿ ಅಂಗಿ ಬಂತು. ಹೆದರಿದ ಕೈ ಒಂದು ಸಲ ತಪ್ಪಬಹುದು. ಇಷ್ಟು ವರ್ಷದ ಮೇಲೆ, ನಿನ್ನದೇ ಅಂಗಿ, ಅದೇ ಗಂಟು, ಅದೇ ಬಿಸಿನೀರು, ನೇರ ನನ್ನ ಮೇಜಿಗೇ! ಇದು ತಪ್ಪಲ್ಲ ಅಕ್ಕಾ. ನೀನು ನನ್ನನ್ನು ಕರೆಯುತ್ತಿದ್ದೀಯ. ಅವತ್ತೂ ಕರೆದಿದ್ದೆ, ನಮ್ಮಲ್ಲಿ ಯಾರಿಗೂ ಅದು ಸರಿಯಾಗಿ ಕೇಳಿಸಲಿಲ್ಲ.

ಅಂದು ಏನಾಯಿತೆಂದು ನಾನು ಊಹಿಸಿರುವುದನ್ನು ಬರೆಯುತ್ತೇನೆ. ತಪ್ಪಿದ್ದರೆ ಬೈದುಬಿಡು. ಆವತ್ತು ಅಂಗಡಿಗೆ ರಜೆ. ನಾನೂ ಅಮ್ಮನೂ ಸೋದರತ್ತೆಯ ಮನೆಗೆ ಹೋಗಿದ್ದೆವು. ಅಪ್ಪ ಒಬ್ಬರೇ ಇದ್ದರು. ಅಪ್ಪನ ಚಾಳಿ ನಿನಗೆ ಗೊತ್ತೇ ಇದೆ, ಮನೆಯವರು ಯಾರೇ ಸುಕ್ಕುಗಟ್ಟಿದ ಷರ್ಟಿನಲ್ಲಿ ಕಣ್ಣಿಗೆ ಬಿದ್ದರೂ ಬಿಡುತ್ತಿರಲಿಲ್ಲ. ‘ಬಿಚ್ಚು ಮೊದ್ಲು, ನೋಡಿದೋರು ಏನಂತಾರೆ’ ಎಂದು ಷರ್ಟು ಕಿತ್ತುಕೊಂಡು, ಗೂಟದಿಂದ ಯಾವುದಾದರೂ ಕೆಲಸದ ಕೋಟು ಕೊಟ್ಟು ಕೂರಿಸಿ, ಇಸ್ತ್ರಿಗೆ ನಿಲ್ಲುತ್ತಿದ್ದರು. ಭಾವನವರಿಗೂ ಅಣ್ಣನ ಕೋಟು ಕೊಟ್ಟು ಕೂರಿಸಿರಬೇಕು. ಅವರ ಷರ್ಟಿಗೆ ಇಸ್ತ್ರಿ ಮಾಡುತ್ತಲೇ, ಹಿಂದಿನ ರಾತ್ರಿ ನಮಗೆ ಹೇಳಿದ ಮಾತನ್ನೇ ಅವರಿಗೂ ಹೇಳಿರಬೇಕು: ‘ಹೋಗಿ ನನ್ ಮಗಳನ್ನ ಕರ್ಕೊಂಡು ಬರ್ತೀನಿ. ಹೊಡೆಸ್ಕೊಳ್ಳೋಕೆ ನಾನು ಅವಳನ್ನ ಸಾಕಿಲ್ಲ.’ ಅಪ್ಪ ಬೆನ್ನು ತಿರುಗಿಸಿದ್ದರು. ಪಕ್ಕದಲ್ಲೇ ಇನ್ನೊಂದು ಇಸ್ತ್ರಿ ಪೆಟ್ಟಿಗೆ ಇತ್ತು.

ಆಮೇಲೆ ಭಾವ, ಅಪ್ಪ ಗರಿಗರಿ ಮಾಡಿಕೊಟ್ಟ ಅದೇ ಷರ್ಟನ್ನು ತೊಟ್ಟುಕೊಂಡು ಬೀದಿಯಲ್ಲಿ ನಡೆದು ನಿಮ್ಮ ಮನೆಗೆ ಬಂದಿದ್ದಾರೆ. ಕೋಟು ಚೀಲದಲ್ಲಿ. ಅದನ್ನು ಅಲ್ಲೇ ಯಾಕೆ ಬಿಡಲಿಲ್ಲ ಎಂದು ಬಹಳ ಯೋಚಿಸಿದೆ. ಅಮ್ಮನ ಮಾತೇ ಉತ್ತರ, ಕೈಯ ರೂಢಿ. ಏನೇ ಕೊಳೆಯಾದರೂ ತಂದು ನಿನ್ನ ಮುಂದೆ ಎಸೆಯುವುದು ಅವರ ರೂಢಿ. ರಸ್ತೆಯಲ್ಲಿ ಯಾರಿಗೋ ಪೆಟ್ಟಾಗಿತ್ತು, ಎತ್ತಲು ಹೋಗಿದ್ದೆ ಎಂದೋ ಏನೋ ಸುಳ್ಳು ಹೇಳಿರಬೇಕು. ನಿನಗೆ ತಮ್ಮನ ಕೋಟಿನ ಗುರುತು ಸಿಕ್ಕಿತು. ರಕ್ತ ಯಾರದೆಂದು ಗೊತ್ತಿಲ್ಲ, ತಮ್ಮನಿಗೇ ಏನೋ ಆಗಿದೆ ಎಂದು ಜೀವ ಬಾಯಿಗೆ ಬಂದಿರಬೇಕು. ಅವರು ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದಾರೆ. ನೀನು ಹಂಡೆ ಹತ್ತಿಸಿದೆ. ಹಬೆ ಏಳುವುದನ್ನು ನೋಡಿ, ಪಾಪ, ಹೆಂಡತಿ ಎಷ್ಟು ಮುತುವರ್ಜಿಯಿಂದ ಒಗೆಯುತ್ತಿದ್ದಾಳೆ ಎಂದು ಅವರಿಗೆ ಸಮಾಧಾನವಾಗಿರಬೇಕು. ಅವರ ಕಣ್ಣೆದುರೇ ನೀನು ಅವರ ಕೆಲಸವನ್ನು ಬಟ್ಟೆಗೆ ಅಚ್ಚು ಹಾಕಿಬಿಟ್ಟೆ. ಇದನ್ನು ಬರೆಯುವಾಗ ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಬಂತು ಗೊತ್ತಾ?

ಹೆಮ್ಮೆಯ ಜೊತೆ ಸಿಟ್ಟೂ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡೆಯಾ? ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ? ಹೇಗೆ ಹೇಳುತ್ತೀಯ, ಠಾಣೆಯಲ್ಲೂ ಕೋರ್ಟಿನಲ್ಲೂ ಭಾವ ನಿನ್ನ ಪಕ್ಕಕ್ಕೇ ಅಂಟಿಕೊಂಡು ಕೂತಿದ್ದರಲ್ಲ. ಆಮೇಲೆ ಅಣ್ಣನೇ ಒಪ್ಪಿಕೊಂಡ. ‘ತಾನೇ ಮಾಡಿದೆ ಅಂದವನ ಮುಂದೆ ನಾನೇನ್ ಹೇಳ್ಲಿ’ ಎಂದು ನೀನು ಒಮ್ಮೆ ನನ್ನ ಹತ್ತಿರ ಅಂದಿದ್ದೆ. ನಿನಗೂ ಗೊಂದಲವಾಯಿತಲ್ಲವಾ? ತಮ್ಮನೇ ಮಾಡಿದನೇನೋ, ಗಂಡ ಬರೀ ಕೋಟು ತಂದನೇನೋ ಎಂದು? ಅಣ್ಣ ನಿನ್ನನ್ನು ಉಳಿಸಲು ಸುಳ್ಳು ಹೇಳಿದ, ನೀನು ಆ ಸುಳ್ಳನ್ನು ನಂಬಿ ಸುಮ್ಮನಾದೆ, ಅಮ್ಮ ಇಬ್ಬರನ್ನೂ ನೋಡಿ ಕಲ್ಲಾದಳು. ಬೇರೆ ಯಾರ ಮನೆಯಲ್ಲಾದರೂ ಆ ತೋಳಿನ ಗಂಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಕಸುಬೇ ನಮ್ಮನ್ನು ಹಾಳು ಮಾಡಿತು.

ಇನ್ನು ಆ ಮನುಷ್ಯನಿಗೆ ‘ಅವರು’ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಕ್ಷಮಿಸು. ವಾರವಾರ ಬಂದು ಅಪ್ಪನ ಕುರ್ಚಿಯಲ್ಲೇ ಕೂರುತ್ತಾನೆ. ಷರ್ಟು ಬಿಚ್ಚಿ ನನ್ನ ಕೈಗೆ ಕೊಡುತ್ತಾನೆ, ‘ನಿಮ್ಮಪ್ಪನ ಕೈಗುಣ ನಿಂಗೂ ಬಂದಿದೆ ಗುಂಡಿ’ ಎನ್ನುತ್ತಾನೆ. ನಾನು ಗೋಡೆಗೆ ಬೆನ್ನು ಕೊಟ್ಟು, ಅವನ ಕಡೆ ಮುಖ ಮಾಡಿಯೇ ಇಸ್ತ್ರಿ ಮಾಡುತ್ತೇನೆ. ಹೋದ ವಾರ ಕೇಳಿದ: ‘ಅಣ್ಣನ್ನ ನೋಡೋಕೆ ಹೋಗಿದ್ಯಂತೆ?’ ಯಾರು ಹೇಳಿದರೋ ಕಾಣೆ. ‘ಹಳೇದನ್ನೆಲ್ಲ ಕೆದಕಬೇಡ ಕಣಮ್ಮ. ನಿಮ್ಮಕ್ಕ ಮೊದ್ಲೇ ಸೂಕ್ಷ್ಮ, ತಲೆ ತಿರುಗಿ ಎಲ್ಲಾದ್ರೂ ಬಿದ್ದುಗಿದ್ದು ಬಿಟ್ಟಾಳು’ ಎಂದ, ನಗುತ್ತಲೇ. ಅದಾದ ಮೇಲೆ ಹಳದಿ ಅಂಗಿ ಬಂತು. ಬಿದ್ದೆಯಾ ಅಕ್ಕಾ? ಬೀಳಿಸಿದನಾ? ಈಗ ಗಾಯ ಹೇಗಿದೆ? ಇವತ್ತು ನೀನು ಎದ್ದು ಓಡಾಡುತ್ತಿದ್ದೀಯೋ ಇಲ್ಲವೋ ಎನ್ನುವುದೂ ನನಗೆ ಗೊತ್ತಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ನೀನು ಆ ಮನೆಯಿಂದ ಜೀವಸಹಿತ ಹೊರಗೆ ಬರಬೇಕು. ಅಣ್ಣನ ವಿಷಯ ಆಮೇಲೆ. ಕೋಟು ಯಾರ ಕೈಯಿಂದ ನಿನಗೆ ಬಂತು ಎಂದು ನೀನು ಬಾಯಿಬಿಟ್ಟರೆ ಅವನು ಬಿಡುಗಡೆಯಾಗಬಹುದು, ನಿಜ. ಆದರೆ ಅದನ್ನು ಆ ಮನೆಯಲ್ಲಿ ಕೂತು ಯೋಚಿಸಬೇಡ, ಇಲ್ಲಿ ಬಂದು ಯೋಚಿಸು. ಈ ಗಂಟು ನಾಳೆ ನಿನ್ನ ಕೈ ಸೇರುತ್ತದೆ. ಶುಕ್ರವಾರ ನಮ್ಮ ಗಾಡಿ ಮುಂದಿನ ಗಂಟು ಒಯ್ಯಲು ನಿಮ್ಮ ಬಾಗಿಲಿಗೆ ಬರುತ್ತದೆ. ಅವನು ಕಚೇರಿಯಲ್ಲಿರುವ ಹೊತ್ತು. ಗಾಡಿಯಲ್ಲಿ ನಾನೇ ಇರುತ್ತೇನೆ. ಉಟ್ಟ ಬಟ್ಟೆಯಲ್ಲಿ ಹತ್ತಿ ಕೂತುಬಿಡು. ಒಂದು ಸೂಜಿಯನ್ನೂ ತರಬೇಡ.

ಅಪ್ಪನೂ ಹೀಗೇ ಕರೆಯಲು ಹೊರಟಿದ್ದರು ಎನ್ನುವುದು ನನಗೆ ನೆನಪಿದೆ. ಅದಕ್ಕೇ ಯಾರಿಗೂ ಹೇಳದೆ ಬರೆಯುತ್ತಿದ್ದೇನೆ, ಅಮ್ಮನೊಬ್ಬಳಿಗೆ ಓದಿ ಹೇಳುತ್ತೇನೆ. ನನಗೆ ಹೆದರಿಕೆ ಇಲ್ಲ ಎಂದು ಬರೆಯಬೇಕೆಂದಿದ್ದೆ, ಸುಳ್ಳಾಗುತ್ತದೆ. ಹೆದರಿಕೊಂಡೇ ಬರುತ್ತೇನೆ, ನೀನೂ ಹೆದರಿಕೊಂಡೇ ಹತ್ತು.

ಚಿಕ್ಕಂದಿನಲ್ಲಿ ಷರ್ಟಿನ ಗುಂಡಿ ನುಂಗಿ ನಿನ್ನನ್ನು ಅಳಿಸಿದ,
ನಿನ್ನ
ಗುಂಡಿ

ತಾ.ಕ.: ಸಹಿ ಹಾಕಿ ಸೂಜಿಗೆ ದಾರ ಪೋಣಿಸುತ್ತಿದ್ದೆ, ಅವನು ಬಂದ. ಇದು ಅವನು ಬರುವ ದಿನವೂ ಅಲ್ಲ. ಮನೆಗೇ ಬಟ್ಟೆ ಒಗೆಯುವ ಮೆಷೀನ್ ತಂದಿದ್ದಾನಂತೆ. ‘ನಿಮ್ಮಕ್ಕಂಗೆ ಯಾಕೆ ಕಷ್ಟ, ಇನ್ಮೇಲೆ ಗಾಡಿ ಕಳಿಸ್ಬೇಡಿ. ಈ ಗಂಟನ್ನ ನಾನೇ ತಗೊಂಡು ಹೋಗ್ತೀನಿ’ ಎಂದ. ಹಳದಿ ಅಂಗಿ ಏನಾಯಿತು ಎಂದೂ ಕೇಳಿದ. ಅಂದರೆ ಅವನಿಗೆ ಏನೋ ವಾಸನೆ ಹತ್ತಿದೆ. ಶುಕ್ರವಾರ ಇನ್ನಿಲ್ಲ ಅಕ್ಕಾ, ಇವತ್ತೇ.

ಚಾದರ ಇನ್ನೂ ಹಸಿ ಇದೆ, ಕೂತಿರಿ ಎಂದು ಸುಳ್ಳು ಹೇಳಿ ಹೊರಗೆ ಕೂರಿಸಿದ್ದೇನೆ. ಪಕ್ಕದ ಅಂಗಡಿಯ ದರ್ಜಿಯಣ್ಣನನ್ನು ಕರೆದು ಏನೋ ನೆಪ ಹೇಳಿ ಬಾಗಿಲಲ್ಲೇ ಹಿಡಿದಿಟ್ಟಿದ್ದೇನೆ. ಹಿತ್ತಲಿನಿಂದ ವಕೀಲೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಪೊಲೀಸರನ್ನು ಕರೆದುಕೊಂಡು ಹೊರಟಿದ್ದಾರೆ. ಅಲ್ಲಿಯವರೆಗೆ ಅವನನ್ನು ಏಳಲು ಬಿಡುವುದಿಲ್ಲ.

ಈ ಪತ್ರ ನಿನಗೆ ದಿಂಬಿನ ಕವರಿನಲ್ಲಿ ಬರುವುದಿಲ್ಲ. ಅಮ್ಮ ತರುತ್ತಿದ್ದಾಳೆ, ಹಿಂದಿನ ಬಾಗಿಲಿನಿಂದ, ಆಟೋ ಹಿಡಿದು. ಮೊದಲು ಅವಳ ಜೊತೆ ಹೊರಟು ಬಾ, ಇದನ್ನು ದಾರಿಯಲ್ಲಿ ಓದಿಕೋ. ಬಚ್ಚಲು, ನಲ್ಲಿ ಎಂದು ಮೇಲೆ ಬರೆದದ್ದನ್ನೆಲ್ಲ ಮರೆತುಬಿಡು.

ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಅವಳು ನನ್ನ ವಾದವನ್ನು ಈಗಲೂ ಪೂರ್ತಿ ನಂಬಿಲ್ಲ. ನಂಬದೆ ಹೇಗೆ ಹೋಗುತ್ತೀಯ ಎಂದು ಕೇಳಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಅವಳೇ ಮಾಡಿರ್ಲಿ ಬಿಡೇ. ನನ್ ಮಗಳು ಆ ಮನೇಲಿ ಇನ್ನೊಂದು ರಾತ್ರಿ ಮಲಗಬಾರದು.’